ಬಲಕ್ಕೆ ಸುತ್ತುವ ಮೆಟ್ಟಿಲು

ಕೇಳಿ ಗೆಳೆಯರೇ, ಚಾಮರಾಜನಗರದ ಅರಿಸಿನದ ಸಾಹುಕಾರರಿಗೆ ಮೈಸೂರಿನ ಬಂಗಲೆಯಲ್ಲಿರುವಂಥದೇ ಸುತ್ತು ಮೆಟ್ಟಿಲು ಬೇಕಿತ್ತು. ಮೂರು ತಿಂಗಳು ಮರ ಕೆತ್ತಿ ಇವತ್ತು ಮುಗಿಸಿದೆ. ಅವರ ತಾಯಿ ಮೊದಲು ಹತ್ತಿದರು, ಮೇಲೆಯೇ ನಿಂತರು.

“ಅತ್ತುವಾಗ ಬಲಕ್ಕೆ ಸುತ್ದೆ. ಇಳಿಯುವಾಗ ಎಡಕ್ಕಾಯ್ತದೆ. ಅಪ್ರದಕ್ಷಿಣೆ ಕಣಪ್ಪ, ನಾ ಇಳಿಯಾಕಿಲ್ಲ.”

ಸಾಹುಕಾರರು ತಕ್ಷಣ, “ಕಿತ್ತಾಕ್ಬುಡಿ ಆಚಾರ್ರೇ” ಎಂದರು.

ನನಗೆ ಪಿತ್ತ ನೆತ್ತಿಗೇರಿತು. “ಅವ್ವಾ, ಈಸ್ವರನ ಗುಡೀಲಿ ಅಭಿಷೇಕದ ನೀರು ಬೀಳೋ ಗೋಮುಖ ದಾಟ್ದಂಗೆ ಬಂದ ದಾರೀಲೇ ವಾಪಸ್ ಬರಾಕಿಲ್ವಾ? ಇದೂ ಅಂಗೇಯ, ಇಳೀರಿ!”

ಅಜ್ಜಿ ಕೈಮುಗಿದು ಇಳಿದರು. ಮೆಟ್ಟಿಲು ಉಳಿಯಿತು. ಈಗ ಅಜ್ಜಿಗೆ ಮಹಡಿಯಲ್ಲಿ ಒಂದು ಗೋಮುಖವೂ ಬೇಕಂತೆ. ಕೂರಿಸುತ್ತೇನೆ, ನೀರು ನೇರವಾಗಿ ಸಾಹುಕಾರರು ಕೂರುವ ಗಾದಿಯ ಮೇಲೆಯೇ ಬೀಳುವ ಹಾಗೆ.