ಜಗ್ಗಿನ ಅಪ್ಪೆಹುಳಿ

ಗೃಹಪ್ರವೇಶಕ್ಕೆ ಬರುವ ನೆಂಟರಿಗೆ ಎಲೆ ಹಾಕುವುದಿಲ್ಲ ಎಂದು ನಾನು ಹೇಳಿದ ದಿನ ಅತ್ತೆ ಸಂಜೆಯವರೆಗೆ ನನ್ನ ಹತ್ತಿರ ಮಾತಾಡಲಿಲ್ಲ. ಮಾತು ಬಿಡುವುದು ಅವರಿಗೂ ಕಷ್ಟ, ನನಗೂ ಕಷ್ಟ. ನಾವಿಬ್ಬರೂ ಬಾಯಿ ಮುಚ್ಚಿಕೊಂಡು ಇರುವ ಪೈಕಿಯವರಲ್ಲ. ಕೊನೆಗೆ ಕಾಫಿಗೆ ಹಾಲು ಕಾಯಿಸುತ್ತ ಅವರೇ ಸೋತರು.

"ಎಲೆ ಹಾಕದ್ದೇ ಕಳ್ಸಿರೆ ಊಟ ಹಾಕ್ದಂಗೆ ಆಗ್ತಿಲ್ಲೆ, ತಂಗಿ," ಎಂದರು.

ಊಟ ಅಲ್ಲ, ಸಂಜೆ ನಾಲ್ಕಕ್ಕೆ ಕರೆಯುವುದು, ಫಿಂಗರ್ ಫುಡ್ ಅಷ್ಟೇ ಎಂದೆ. ಹಾಗೆಂದರೆ ಎಂತ ಎಂದು ಕೇಳಿದರು. ಕೈಯಲ್ಲಿ ಹಿಡಿದು ತಿನ್ನುವಂಥದ್ದು ಎಂದೆ. ಅತ್ತೆ ನನ್ನನ್ನು ಒಮ್ಮೆ ನೋಡಿ, ಸೌಟು ಕೆಳಗಿಟ್ಟು ಕೇಳಿದರು:

"ಹಂಗಾರೆ ಇಷ್ಟು ದಿನ ಎಂಗೊ ತಿಂದಿದ್ದು ಕಾಲಲ್ಲನೆ?"

ನಗು ಬಂತು, ಸಿಟ್ಟೂ ಬಂತು. ನನಗೆ ಎರಡೂ ಒಟ್ಟಿಗೇ ಬರುತ್ತವೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಸಾಗರದ ಹೊರಗಿನ ಬಡಾವಣೆಯಲ್ಲಿ ಸೈಟು ತೆಗೆದುಕೊಂಡು, ಗಾರೆಯವರ ಹಿಂದೆ, ಪ್ಲಂಬರ್ ಹಿಂದೆ, ಕೊನೆಗೆ ಕರೆಂಟಿನವರ ಹಿಂದೆ ಸುತ್ತಿ ಸುತ್ತಿ ಈ ಮನೆ ಕಟ್ಟಿಸಿದ್ದೆವು. ಸುಸ್ತಾಗಿದೆ, ಊಟದ ತಾಪತ್ರಯ ಬೇಡ ಎಂದೇ ಎಲ್ಲರಿಗೂ ಹೇಳಿದೆ. ಎಲ್ಲರೂ ನಂಬಿದರು. ನಿಜವಾದ ಕಾರಣ ಗೊತ್ತಿದ್ದದ್ದು ನನ್ನ ಗಂಡನಿಗೆ ಮಾತ್ರ.

ಕಾರಣ ನನ್ನ ಅಪ್ಪಯ್ಯ.

ಹೊಸನಗರದ ಕಡೆ ನಮ್ಮ ಊರಿನ ಸುತ್ತ ಯಾರ ಮನೆಯಲ್ಲಿ ಏನೇ ಆಗಲಿ, ಪಂಕ್ತಿಯ ಕೊನೆಗೆ ಅಪ್ಪೆಹುಳಿ ಬಡಿಸಲು ಅಪ್ಪಯ್ಯನೇ ಬೇಕಿತ್ತು. ಅಪ್ಪೆಹುಳಿ ಎಂದರೆ ಮಾವಿನ ಮಿಡಿಯನ್ನು ಬೇಯಿಸಿ ಕಿವುಚಿ, ನೀರು ಬೆರೆಸಿ, ಹಸಿಮೆಣಸು, ಉಪ್ಪು, ಇಂಗಿನ ಒಗ್ಗರಣೆ ಹಾಕಿದ ತಿಳಿಸಾರು. ಅದನ್ನು ಅನ್ನಕ್ಕೆ ಹಾಕಿಸಿಕೊಳ್ಳುವವರು ಹಾಕಿಸಿಕೊಳ್ಳಲಿ, ರುಚಿ ಗೊತ್ತಿದ್ದವರು ಎಲೆಯ ಮೇಲೆ ಬಲಗೈ ಒಡ್ಡುತ್ತಾರೆ. ಬಡಿಸುವವನು ಅಂಗೈ ಗುಳಿಗೆ ಹೊಯ್ಯಬೇಕು, ಅವರು ಸೊರ್ ಎಂದು ಹೀರಿ ಮತ್ತೆ ಕೈ ಒಡ್ಡಬೇಕು. ಅಪ್ಪಯ್ಯ ಬಗ್ಗಿ ಸೌಟಿನಲ್ಲಿ ಹೊಯ್ದರೆ ಒಂದು ಹನಿ ಮಣಿಕಟ್ಟಿಗೆ ಇಳಿಯುತ್ತಿರಲಿಲ್ಲ. ಸಣ್ಣವಳಿದ್ದಾಗ ನಾನು ಬೇಕೆಂದೇ ಕೈಯನ್ನು ಆಚೆ ಈಚೆ ಮಾಡಿ ಕಾಡಿಸುತ್ತಿದ್ದೆ. ಅವನ ಸೌಟು ನನ್ನ ಕೈ ಹೋದಲ್ಲೆಲ್ಲ ಬರುತ್ತಿತ್ತು. ಚೆಲ್ಲಿದ್ದೇ ಇಲ್ಲ.

ಆಮೇಲೆ ಅವನ ಕೈ ನಡುಗಲು ಶುರುವಾಯಿತು. ಶಿವಮೊಗ್ಗದ ಡಾಕ್ಟರು ಮಾತ್ರೆ ಕೊಟ್ಟರು, ಕಡಿಮೆಯಾಗುತ್ತದೆ, ಹೋಗುವುದಿಲ್ಲ ಎಂದರು. ಅಪ್ಪಯ್ಯ ಅದನ್ನು ಸಮಾಧಾನದಿಂದಲೇ ಕೇಳಿಸಿಕೊಂಡ. ಅಡ್ಡಿಯಿಲ್ಲ, ಈ ಮನುಷ್ಯ ಗಟ್ಟಿ ಎಂದುಕೊಂಡೆ. ಆದರೆ ಒಂದು ಉಪನಯನದ ಊಟದಲ್ಲಿ ಅನ್ನ ಸಾರು ಕಲಸಿ ಬಾಯಿಗೆ ಒಯ್ಯುವಾಗ ಕೈ ಎಗರಿ, ತುತ್ತು ಪಕ್ಕದವರ ಬಿಳಿ ಪಂಚೆಯ ಮೇಲೆ ಬಿತ್ತು. ಅವರು ಒಳ್ಳೆಯವರೇ, ನಕ್ಕು ಸುಮ್ಮನಾದರು. ಅಪ್ಪಯ್ಯ ಎಲೆ ಮಡಿಸಿ ಅರ್ಧಕ್ಕೇ ಎದ್ದ.

ಅಲ್ಲಿಂದ ಅವನು ನಾಲ್ಕು ಜನರ ಎದುರು ತಿನ್ನುವುದನ್ನೇ ಬಿಟ್ಟ. ತೀರ್ಥಹಳ್ಳಿಯಲ್ಲಿ ನನ್ನ ತಮ್ಮನ ಮನೆಯಲ್ಲಿ ಇರುತ್ತಾನೆ, ಅಲ್ಲಿ ಮನೆಯವರೊಂದಿಗೆ ಚೆನ್ನಾಗಿಯೇ ಉಣ್ಣುತ್ತಾನೆ. ಮದುವೆ ಮುಂಜಿಗೆ ಮಾತ್ರ ಊಟದ ಹೊತ್ತು ದಾಟಿಸಿಯೇ ಬರುತ್ತಾನೆ. ಒಮ್ಮೆ ಹೊಟ್ಟೆ ಸರಿಯಿಲ್ಲ, ಒಮ್ಮೆ ಏಕಾದಶಿ. ಒಂದು ತಿಂಗಳಲ್ಲಿ ಮೂರು ಏಕಾದಶಿ ಬಂದದ್ದನ್ನು ನಾನೇ ಕೇಳಿದ್ದೇನೆ. ನನ್ನ ಗೃಹಪ್ರವೇಶಕ್ಕೂ ಮಧ್ಯಾಹ್ನದ ಮೇಲೆ ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದಾಗ ನನಗೆ ಅಳು ಬಂತು. ನಾನು ಕಟ್ಟಿಸಿದ ಮನೆಯಲ್ಲಿ ಅಪ್ಪಯ್ಯ ಎಲ್ಲರ ಜೊತೆ ಒಂದು ತುತ್ತು ತಿನ್ನದಿದ್ದರೆ ಆ ಮನೆ ಇದ್ದೇನು ಉಪಯೋಗ? ಹೇಗಾದರೂ ಮಾಡಿ ತಿನ್ನಿಸಿಯೇ ಸೈ ಎಂದು ಹಟ ಹಿಡಿದೆ.

ಯಾರೂ ಎಲೆಯ ಮುಂದೆ ಕೂರುವುದು ಬೇಡ, ಯಾರೂ ಕಲಸುವುದು ಬೇಡ. ಎಲ್ಲರೂ ಒಂದೇ ಥರ ಬೆರಳಲ್ಲಿ ಹಿಡಿದು ಕಚ್ಚಲಿ. ಆಗ ಅಪ್ಪಯ್ಯನೊಬ್ಬನೇ ಬೇರೆಯಾಗಿ ಕಾಣುವುದಿಲ್ಲ. ಇಷ್ಟೇ ನನ್ನ ಲೆಕ್ಕ.

ಮೊಬೈಲಿನಲ್ಲಿ ಹುಡುಕಿದರೆ ಚೀಸಿನ ತುಂಡಿಗೆ ಕಡ್ಡಿ ಚುಚ್ಚಿದ್ದೇ ಬಂತು. ನಡುಗುವ ಕೈಗೆ ಚೂಪು ಕಡ್ಡಿ ಕೊಟ್ಟರೆ ಆಯಿತು ಕಥೆ. ಅದನ್ನು ಮುಚ್ಚಿಟ್ಟು ನಮ್ಮದೇ ತಿಂಡಿಗಳನ್ನು ಪರೀಕ್ಷೆ ಮಾಡತೊಡಗಿದೆ. ಅಡುಗೆಮನೆಯಲ್ಲಿ ನಿಂತು ಬಲಗೈಯನ್ನು ಬೇಕೆಂದೇ ಗಡಗಡ ನಡುಗಿಸಿಕೊಂಡು ಒಂದೊಂದನ್ನೇ ತಿಂದು ನೋಡುವುದು. ಮೊದಲ ಸಲ ನನ್ನ ಗಂಡ ಓಡಿ ಬಂದು ಕರೆಂಟು ಹೊಡೆಯಿತಾ ಎಂದು ಕೇಳಿದರು. ಆಮೇಲೆ ತಾವೂ ಪಕ್ಕದಲ್ಲಿ ನಿಂತು ಕೈ ನಡುಗಿಸುತ್ತ ತಿಂದರು. ಪರೀಕ್ಷೆಯ ನೆವದಲ್ಲಿ ಡಬ್ಬದ ಚಕ್ಕುಲಿಯೆಲ್ಲ ಖಾಲಿಯಾಯಿತು.

ಇಡ್ಲಿ ಚಟ್ನಿ ಬೇಡ, ಚಟ್ನಿ ತೊಟ್ಟಿಕ್ಕುತ್ತದೆ. ಹಲಸಿನ ಹಪ್ಪಳ ಬೇಡ, ಚೂರಾಗಿ ಅಂಗಿಯ ಮೇಲೆಲ್ಲ ಉದುರುತ್ತದೆ. ಚಕ್ಕುಲಿ ಮುರಿಯುತ್ತದೆ. ಅತ್ತೆ ತೊಡೆದೇವು ಆಗಲೇಬೇಕು ಎಂದರು. ಕಾಗದಕ್ಕಿಂತ ತೆಳ್ಳಗಿನ ಆ ಸಿಹಿ ನೆಟ್ಟಗಿರುವ ಕೈಯಲ್ಲೇ ಪುಡಿಯಾಗುತ್ತದೆ, ಬೇಡವೇ ಬೇಡ ಎಂದೆ. ಯಾಕೆ ಎಂದು ಕೇಳಿದರು. ನಾನು ಸುಮ್ಮನೆ ಸಿಡುಕಿದೆ. ಅವರು ಬಾಯಿ ಓರೆ ಮಾಡಿಕೊಂಡು ಹೋದರು.

ಕೊನೆಗೆ ಉಳಿದದ್ದು ಇಷ್ಟು: ಬಾಳೆಹಣ್ಣು ಬೆಲ್ಲ ಹಾಕಿ ಕರಿದ ಸುಟ್ಟವು, ಅಂಗೈಯಗಲದ ಬನ್ಸು, ಹಲಸಿನೆಲೆಯಲ್ಲಿ ಬೇಯಿಸಿ, ಗಟ್ಟಿ ಚಟ್ನಿ ಒಳಗೇ ಸವರಿ ಕತ್ತರಿಸಿದ ಕೊಟ್ಟೆ ಕಡುಬು, ಕೋಡುಬಳೆ. ಕೋಡುಬಳೆಯ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ. ಅದನ್ನು ಹಿಡಿಯುವುದೇ ಬೇಡ, ಬೆರಳಿಗೆ ಹಾಕಿಕೊಂಡರಾಯಿತು. ಸಣ್ಣವಳಿದ್ದಾಗ ಅಪ್ಪಯ್ಯನೇ ನನ್ನ ಬೆರಳಿಗೆಲ್ಲ ಕೋಡುಬಳೆ ತೊಡಿಸಿ, ನೋಡೇ ನಿನ್ನ ಉಂಗುರ ಎನ್ನುತ್ತಿದ್ದ. ಇಷ್ಟು ಯೋಚಿಸಿದ ಮೇಲೆ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಚುರುಕಿನ ಕೂಸು ನಾನು, ಎಲ್ಲ ಪಕ್ಕಾ ಮಾಡಿದ್ದೇನೆ ಎಂದು ಬೀಗಿದೆ.

ಗೃಹಪ್ರವೇಶದ ಹಿಂದಿನ ದಿನ ಅತ್ತೆ ಬ್ಯಾಕೋಡಿನ ತವರಿನಿಂದ ಮಾವಿನ ಮಿಡಿ ತರಿಸಿದರು. ಅಪ್ಪೆಹುಳಿ ಮಾಡುತ್ತೇನೆ ಎಂದರು. ಅದೊಂದು ಬೇಡ ಎಂದೆ. ಲೋಟ ಹಿಡಿದರೆ ಅಪ್ಪಯ್ಯನ ಕೈಯಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತು. ಕಾಫಿಯನ್ನೇ ಅದಕ್ಕಾಗಿ ಪಟ್ಟಿಯಿಂದ ಬಿಟ್ಟಿದ್ದೆ. ಅತ್ತೆ ಕೇಳಲಿಲ್ಲ. ಎಲೆಯೂ ಇಲ್ಲ, ಪಾಯಸವೂ ಇಲ್ಲ, ಬಂದವರು ಗಂಟಲು ಒಣಗಿಸಿಕೊಂಡು ಹೋಗಬೇಕಾ ಎಂದರು. ಇದು ನಿಮ್ಮ ಕಾಲವಲ್ಲ ಎಂದು ನಾನು ಜೋರಾಗಿಯೇ ಹೇಳಿದೆ. ಅವರು ಮಿಡಿಯ ಪಾತ್ರೆಯನ್ನು ಒಲೆಯ ಮೇಲಿಟ್ಟರು.

ಬೆಳಿಗ್ಗೆ ಹೋಮ ಆಯಿತು, ಹಾಲು ಉಕ್ಕಿತು, ಪುರೋಹಿತರೂ ಮನೆಯವರೂ ಉಂಡದ್ದಾಯಿತು. ನಾಲ್ಕರ ಹೊತ್ತಿಗೆ ಜನ ಬಂದರು. ನನ್ನ ಶಾಲೆಯವರು, ಪಕ್ಕದ ಸೈಟಿನವರು, ಎರಡೂ ಕಡೆಯ ನೆಂಟರು. ತಮ್ಮನ ಕಾರಿನಲ್ಲಿ ಅಪ್ಪಯ್ಯನೂ ಬಂದ, ಇಸ್ತ್ರಿ ಮಾಡಿದ ಅಂಗಿ, ಹೆಗಲ ಮೇಲೆ ಶಾಲು. ಕೈಯನ್ನು ಶಾಲಿನ ಒಳಗೆ ಇಟ್ಟುಕೊಂಡೇ ಎಲ್ಲ ಕೋಣೆ ನೋಡಿದ. ಅಡುಗೆಮನೆಯ ಕಿಟಕಿ ದೊಡ್ಡದಾಯಿತು ಎಂದು ಒಂದು ತಕರಾರು ತೆಗೆದ. ಅವನ ತಕರಾರು ಕೇಳಿ ನನಗೆ ಖುಷಿಯಾಯಿತು.

ನಾನೇ ತಟ್ಟೆ ತುಂಬಿ ಅವನ ಕೈಗೆ ಕೊಟ್ಟೆ. ಎಲ್ಲರೂ ನಿಂತುಕೊಂಡೇ ಎಡಗೈಯಲ್ಲಿ ಕಾಗದದ ತಟ್ಟೆ ಹಿಡಿದು ತಿನ್ನುತ್ತಿದ್ದರು. ಅಪ್ಪಯ್ಯನೂ ಎಡಗೈಯಲ್ಲಿ ಹಿಡಿದ. ತಟ್ಟೆಯ ಮೇಲಿನ ಕೋಡುಬಳೆ ಕುಣಿಯತೊಡಗಿತು. ಕಾಗದದ ತಟ್ಟೆಗೆ ಭಾರವೂ ಇಲ್ಲ ಏನೂ ಇಲ್ಲ, ಅವನ ನಡುಕ ಅದರಲ್ಲಿ ಇನ್ನೂ ದೊಡ್ಡದಾಗಿ ಕಂಡಿತು. ಒಂದು ಸುಟ್ಟವು ಉರುಳಿ ಕೆಳಗೆ ಬಿತ್ತು. ಮಾತಾಡುತ್ತಿದ್ದ ಇಬ್ಬರು ತಿರುಗಿ ನೋಡಿದರು. ಅಪ್ಪಯ್ಯ ಬಗ್ಗಿ ಅದನ್ನು ಹೆಕ್ಕಿ, ತಟ್ಟೆಯನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲಿಟ್ಟು, ಇವತ್ತು ಹಸಿವಿಲ್ಲ ಎಂದು ಹಿತ್ತಲ ಬಾಗಿಲಿಗೆ ಹೋಗಿ ನಿಂತ.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಿಂಡಿಯ ಬಗ್ಗೆ ಅಷ್ಟೆಲ್ಲ ಯೋಚಿಸಿದವಳು ತಟ್ಟೆಯ ಬಗ್ಗೆ ಯೋಚಿಸಿರಲಿಲ್ಲ. ಅಡುಗೆಮನೆಯಲ್ಲಿ ಕೈ ನಡುಗಿಸಿ ಪರೀಕ್ಷೆ ಮಾಡುವಾಗ ನಾವು ತಿಂದದ್ದು ನೇರ ಡಬ್ಬದಿಂದ. ಪಂಕ್ತಿಯಲ್ಲಾದರೆ ಎಲೆ ನೆಲದ ಮೇಲೆ ಅಲುಗಾಡದೆ ಇರುತ್ತಿತ್ತು. ನಾನು ಅದನ್ನೂ ಅವನಿಂದ ಕಿತ್ತುಕೊಂಡು, ನಡುಗುವ ಇನ್ನೊಂದು ಕೈಗೂ ಕೆಲಸ ಕೊಟ್ಟಿದ್ದೆ. ಹೋಗಿ ಕರೆಯಲು ಧೈರ್ಯವಾಗಲಿಲ್ಲ. ಕರೆದರೆ ಎಲ್ಲರೂ ನೋಡುತ್ತಾರೆ.

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಬಂದರು, ಕೈಯಲ್ಲಿ ಸ್ಟೀಲಿನ ದೊಡ್ಡ ಜಗ್ಗು. ಇಂಗಿನ ಒಗ್ಗರಣೆಯ ಪರಿಮಳ ಪಡಸಾಲೆಯ ತುಂಬ ಹರಡಿತು. ಶಾಲೆಯ ಮೇಡಂ ಒಬ್ಬರು ಕಾಗದದ ಲೋಟ ಮುಂದೆ ಹಿಡಿದರು. ಲೋಟದಲ್ಲಿ ಕುಡಿದರೆ ಅದು ಅಪ್ಪೆಹುಳಿಯೇ ಅಲ್ಲ, ಕಾಗದದ ವಾಸನೆ ಎಂದು ಅತ್ತೆ ಅದನ್ನು ಕಸಿದು ಮೇಜಿನ ಮೇಲಿಟ್ಟರು. ಕೂತವರಿಗೆ ಒಂದು ಕೈ ಸಾಕು, ನಿಂತವರು ಎರಡೂ ಕೈ ಸೇರಿಸಿ ಬೊಗಸೆ ಒಡ್ಡಬೇಕು, ತಟ್ಟೆ ಕೆಳಗಿಟ್ಟು ಎಲ್ಲರೂ ಹಿತ್ತಲಿಗೆ ಬನ್ನಿ, ನನ್ನ ಸೊಸೆಯ ಹೊಸ ಟೈಲ್ಸ್ ಹಾಳಾದರೆ ಅವಳು ನನ್ನನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಜೋರಾಗಿ ಹೇಳಿದರು.

ಜನ ನಗುತ್ತ ಹಿತ್ತಲಿಗೆ ಇಳಿದರು. ಅತ್ತೆ ಮೆಟ್ಟಿಲ ಮೇಲೆ ನಿಂತು ಹೊಯ್ಯತೊಡಗಿದರು. ಅಪ್ಪಯ್ಯನ ಹಾಗೆ ಬಡಿಸುವ ಕೈಯಲ್ಲ ಅವರದ್ದು, ಧಾರಾಳದ ಕೈ. ಬೊಗಸೆ ತುಂಬಿ ಬೆರಳ ಸಂದಿಯಿಂದ ಸೋರಿ ಮೊಣಕೈಯವರೆಗೆ ಇಳಿಯಿತು. ಸೊಂಟ ಬಗ್ಗಿಸಿ, ಸೀರೆ ಪಂಚೆಗಳನ್ನು ಹಿಂದಕ್ಕೆ ಸರಿಸಿಕೊಂಡು ಎಲ್ಲರೂ ಸೊರ್ ಸೊರ್ ಎಂದು ಹೀರಿದರು. ಪಕ್ಕದ ಸೈಟಿನವರ ಗಡ್ಡದಿಂದ ತೊಟ್ಟಿಕ್ಕಿತು. ಚೆಲ್ಲದವರು ಒಬ್ಬರೂ ಇರಲಿಲ್ಲ.

ಅತ್ತೆ ಅಪ್ಪಯ್ಯನ ಮುಂದೆ ಬಂದು ನಿಂತರು. ಬೇಕಾ ಎಂದು ಕೇಳಲಿಲ್ಲ, ಜಗ್ಗು ಎತ್ತಿ ಹಿಡಿದು ಸುಮ್ಮನೆ ಕಾದರು. ಅಪ್ಪಯ್ಯ ಶಾಲಿನೊಳಗಿಂದ ಎರಡೂ ಕೈ ಹೊರಗೆ ತೆಗೆದು ಜೋಡಿಸಿದ. ನಡುಗುತ್ತಿದ್ದವು. ಆದರೆ ಒಂದನ್ನೊಂದು ಒತ್ತಿ ಹಿಡಿದುಕೊಂಡಿದ್ದವು. ಅವನು ಮುಖವನ್ನೇ ಬೊಗಸೆಗೆ ತಂದು ಹೀರಿದ, ಬಾಯಿ ಚಪ್ಪರಿಸಿದ, ಮತ್ತೆ ಕೈ ಒಡ್ಡಿದ. ಅವನ ಮೊಣಕೈಯಿಂದಲೂ ಸೋರಿತು, ಉಳಿದವರಿಗೆ ಸೋರಿದ ಹಾಗೆಯೇ. ಯಾರೂ ತಿರುಗಿ ನೋಡಲಿಲ್ಲ. ಉಪ್ಪು ಒಂದು ಕಲ್ಲು ಕಡಿಮೆ ಎಂದು ಅತ್ತೆಗೆ ಹೇಳಿದ. ಅದನ್ನು ಕೇಳಿದ್ದೇ ನನಗೆ ಕಣ್ಣು ತುಂಬಿತು.

ಜಗ್ಗು ತುಂಬಿಸಲು ಒಳಗೆ ಬಂದ ಅತ್ತೆಯ ಹಿಂದೆ ಹೋದೆ. ಅಪ್ಪಯ್ಯನ ವಿಷಯ ನಿಮಗೆ ಯಾರು ಹೇಳಿದರು ಎಂದು ಕೇಳಿದೆ. ಪಾತ್ರೆಯಿಂದ ಸೌಟಿನಲ್ಲಿ ಮೊಗೆಯುತ್ತ, ತಲೆ ಎತ್ತದೆ ಅಂದರು:

"ನಿಂಗೊಬ್ಳಿಗೇ ಕಣ್ಣಿದ್ದನೆ?"

ಮಹಾರಾಯ್ತಿ! ತೊಡೆದೇವಿಗೆ ಸಿಡುಕಿದಾಗಲೇ ಇವರಿಗೆ ಎಲ್ಲ ತಿಳಿದಿತ್ತು. ಒಂದು ಮಾತು ಆಡದೆ ನನ್ನಿಂದ ಬೈಸಿಕೊಂಡಿದ್ದರು. ನನಗೆ ಅವರ ಕಾಲಿಗೆ ಬೀಳಬೇಕೋ ಜಗಳ ಆಡಬೇಕೋ ತಿಳಿಯಲಿಲ್ಲ. ಜಗ್ಗು ನಾನು ಹಿಡಿಯುತ್ತೇನೆ ಎಂದೆ. ಅವರು ಕೊಡಲಿಲ್ಲ. ನೇರ ಹಿತ್ತಲಿಗೆ ಹೋಗಿ, ತನ್ನ ತೋಳು ಸೋತಿತು, ಬಡಿಸುವವರು ಇಲ್ಲೇ ಇರುವಾಗ ತಾನು ಯಾಕೆ ಸಾಯಬೇಕು ಎಂದು ಹೇಳಿ, ಅದನ್ನು ಅಪ್ಪಯ್ಯನ ಕಡೆಗೆ ಚಾಚಿದರು.

ಅಪ್ಪಯ್ಯ ಜಗ್ಗನ್ನು ನೋಡಿದ. ನನ್ನನ್ನು ನೋಡಿದ. ನಾನು ಮೆಟ್ಟಿಲಿಳಿದು ಅವನ ಮುಂದೆ ನಿಂತು ಬೊಗಸೆ ಒಡ್ಡಿದೆ.

ಅವನು ಎರಡೂ ಕೈಯಲ್ಲಿ ಜಗ್ಗು ಹಿಡಿದು ಬಗ್ಗಿಸಿದ. ಮೊದಲ ಧಾರೆ ನನ್ನ ಬಲ ಮಣಿಕಟ್ಟಿನ ಮೇಲೆ ಬಿತ್ತು, ಎರಡನೆಯದು ಸೆರಗಿನ ಮೇಲೆ. ಜಗ್ಗಿನ ಬಾಯಿ ಎತ್ತ ವಾಲಿತೋ ಅತ್ತ ನನ್ನ ಬೊಗಸೆಯನ್ನು ಒಯ್ದೆ. ಎಡಕ್ಕೆ ವಾಲಿದರೆ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ಹುಳಿ, ಇಂಗು, ಹಸಿಮೆಣಸಿನ ಖಾರ ಅಂಗೈಗೆ ತುಂಬಿತು.

"ಚೆಲ್ತು, ಕೂಸೆ," ಎಂದ ಅಪ್ಪಯ್ಯ.

"ಅಡ್ಡಿಲ್ಲೆ ಅಪ್ಪಯ್ಯ," ಎಂದೆ, "ಇನ್ನೂ ಹಾಕು."