ಅರ ಹಾಕಿದ ಫೋರ್ಕು

ಸೈಕಲ್ ರಿಪೇರಿಯವನನ್ನು ಬೀದಿಯವರು ‘ಜಡ್ಜು’ ಎಂದು ಕರೆಯುತ್ತಿದ್ದುದು ಗೌರವಕ್ಕಲ್ಲ. ಬ್ರೇಕ್ ಉಜ್ಜುತ್ತಿದೆ, ಸ್ವಲ್ಪ ಸಡಿಲ ಮಾಡಿಕೊಡು ಎಂದು ಯಾರಾದರೂ ಬಂದರೆ ಅವನು ಬ್ರೇಕನ್ನು ಮುಟ್ಟುತ್ತಲೇ ಇರಲಿಲ್ಲ. ಮೊದಲು ಚಕ್ರ ಬಿಚ್ಚಿ ಸ್ಟ್ಯಾಂಡಿಗೇರಿಸಿ, ಒಂದೊಂದೇ ಕಡ್ಡಿಯನ್ನು ಕಾಲು ಸುತ್ತು ಬಿಗಿದು, ರಿಮ್ಮು ಅತ್ತಿತ್ತ ಓಲಾಡದಂತೆ ಮಾಡಿದ ಮೇಲೆಯೇ ಬ್ರೇಕಿನ ಸರದಿ. ರಿಮ್ಮಿನ ತಪ್ಪಿಗೆ ಬ್ರೇಕಿಗೆ ಶಿಕ್ಷೆ ಕೊಡಬಾರದು ಎಂಬುದು ಅವನ ವಾದ. ಇಪ್ಪತ್ತಾರು ವರ್ಷ ಹೀಗೆ ದುಡಿದು ಅವನು ಗಳಿಸಿದ್ದು ಒಂದೇ: ಅವನು ‘ಆಯಿತು’ ಎಂದರೆ ಆ ಸೈಕಲ್ಲಿನ ಬಗ್ಗೆ ಯಾರೂ ಮರುಮಾತಾಡುತ್ತಿರಲಿಲ್ಲ.

ಆ ಮಾತನ್ನೇ ಅವನ ಅಣ್ಣ ಬಂಡವಾಳ ಮಾಡಿಕೊಂಡಿದ್ದ. ತಂದೆ ತೀರಿದ ಮೇಲೆ ಶೆಡ್ಡು ಎರಡು ಪಾಲಾಗಿತ್ತು. ರಸ್ತೆಗೆ ತೆರೆದ ಮುಂಭಾಗದಲ್ಲಿ ಅಣ್ಣನ ಹಳೆಯ ಸೈಕಲ್ ವ್ಯಾಪಾರ. ಕಿಟಕಿಯಿಲ್ಲದ ಹಿಂಭಾಗದಲ್ಲಿ ತಮ್ಮನ ರಿಪೇರಿ. ಪಾಲಾದ ದಿನ ಇಬ್ಬರೂ ರಸ್ತೆಯಲ್ಲಿ ನಿಂತು ಆಡಿದ ಮಾತುಗಳು, ಹನ್ನೊಂದು ವರ್ಷವಾದರೂ, ಬೀದಿಗೆ ಬಾಯಿಪಾಠವಾಗಿದ್ದವು.

ಒಂದು ಬುಧವಾರ ಅಣ್ಣ ಹಸಿರು ಲೇಡೀಸ್ ಸೈಕಲ್ಲೊಂದನ್ನು ಒಳಕ್ಕೆ ತಳ್ಳಿದ. “ಮಧ್ಯಾಹ್ನ ನಮ್ಮ ಬೀದಿ ನರ್ಸು ಇದನ್ನ ಕೊಳ್ಳೋಕೆ ಬರ್ತಾಳೆ. ಮುಂದಿನ ಬ್ರೇಕ್ ಉಜ್ತಿದೆ, ನೋಡು.”

ಸ್ಟ್ಯಾಂಡಿನ ಮೇಲೆ ಚಕ್ರ ದಾರ ಹಿಡಿದಷ್ಟು ನೆಟ್ಟಗೆ ತಿರುಗಿತು. ಫೋರ್ಕಿಗೆ ಕೂರಿಸಿದರೆ ಎಡಗಡೆಯ ಬ್ರೇಕ್ ರಬ್ಬರಿಗೆ ತಗುಲಿತು. ಬಲಗಡೆ ಏಳು ಮಿಲಿಮೀಟರ್ ಸಂದು. ದೋಷ ಚಕ್ರದ್ದಲ್ಲ, ಅದನ್ನು ಹಿಡಿದಿದ್ದ ಫೋರ್ಕಿನದು. ಎಲ್ಲಿಗೋ ಗುದ್ದಿದ ಗಾಡಿ; ಫೋರ್ಕಿನ ಎಡಗಾಲು ಬಾಗಿ, ಬಾಗಿದಲ್ಲಿ ಬಣ್ಣ ಬಿರಿದಿತ್ತು.

“ಫೋರ್ಕ್ ಬದಲಾಯಿಸ್ಬೇಕು.”

“ಚಕ್ರದ ಅಚ್ಚು ಕೂರೋ ಸಂದಿಗೆ ಸ್ವಲ್ಪ ಅರ ಹಾಕಿ ಉಜ್ಜೋ. ಚಕ್ರ ತಾನಾಗೇ ನಡುವಿಗೆ ಬರುತ್ತೆ.”

“ಬಂದ ಹಾಗೆ ಕಾಣುತ್ತೆ. ಜೋರಾಗಿ ಬ್ರೇಕ್ ಹಿಡಿದ ದಿನ ಅಚ್ಚು ಜಾರುತ್ತೆ.”

“ಆಯ್ತಪ್ಪ ಜಡ್ಜೇ, ತೀರ್ಪು ಬರೆದು ಗೋಡೆಗೆ ಅಂಟಿಸು.”

ತಮ್ಮ ಊಟ ಮುಗಿಸಿ ಮೂರು ಗಂಟೆಗೆ ಮರಳಿದಾಗ ಸೈಕಲ್ಲು ಮುಂಭಾಗದಲ್ಲಿತ್ತು. ಬ್ರೇಕಿನ ಎರಡೂ ಕಡೆಯ ಸಂದು ಸರಿಸಮ. ಬಾಗಿದ ಕಬ್ಬಿಣ ಊಟದ ಹೊತ್ತಿನಲ್ಲಿ ತಾನಾಗಿ ನೆಟ್ಟಗಾಗುವುದಿಲ್ಲ. ಕುಕ್ಕರಗಾಲಲ್ಲಿ ಕುಳಿತು ನೋಡಿದ. ಎಡಗಡೆ ಅಚ್ಚು ಕೂರುವ ಸಂದಿಯನ್ನು ಮೂರು ಮಿಲಿಮೀಟರ್ ಮೇಲಕ್ಕೆ ಉಜ್ಜಿ, ಹೊಳಪು ಕಾಣದಂತೆ ಕಪ್ಪು ಬಣ್ಣ ಬಳಿಯಲಾಗಿತ್ತು. ಬಣ್ಣ ಬೆರಳಿಗೆ ಅಂಟಿತು. ಇದನ್ನು ವ್ಯಾಪಾರದ ಜಾಣತನ ಎನ್ನುವವರು ತಮ್ಮ ಮಗಳನ್ನು ಆ ಸೈಕಲ್ಲಿನ ಮೇಲೆ ಕೂರಿಸಿ ಆಮೇಲೆ ಮಾತಾಡಲಿ.

ನರ್ಸು ಆಗಲೇ ಬಂದು ನಿಂತಿದ್ದಳು. “ತಮ್ಮನೇ ನೋಡಿದ್ದಾನೆ ಕಣಮ್ಮ,” ಎಂದ ಅಣ್ಣ.

“ನೋಡಿದ್ದೂ ನಿಜ, ಆಗಲ್ಲ ಅಂದಿದ್ದೂ ನಿಜ.” ತಮ್ಮ ಎದ್ದು ಕಪ್ಪಾದ ಬೆರಳನ್ನು ತೋರಿಸಿದ. “ಫೋರ್ಕ್ ಬಾಗಿದೆ, ಉಜ್ಜಿ ಮುಚ್ಚಿದ್ದಾರೆ. ನೀವು ಹೋಗೋ ದಾರೀಲಿ ಇಳಿಜಾರು ಇದೆಯಾ?”

“ಆಸ್ಪತ್ರೆವರೆಗೂ ಇಳಿಜಾರೇ.”

“ಹಾಗಾದ್ರೆ ಇದು ಬೇಡ.”

ಅಣ್ಣ ಸಿಟ್ಟಾಗಲಿಲ್ಲ. ನೊಂದವನಂತೆ ನಕ್ಕ. “ಪಾಲಾದಾಗಿಂದ ಹೀಗೇನೇ. ನನ್ನದೊಂದು ಗಾಡಿ ಹೋದ್ರೆ ಇವನಿಗೆ ತಿಂದ ಅನ್ನ ಮೈಗೆ ಹತ್ತಲ್ಲ.”

ಆಕೆ ನಾಲ್ಕು ವರ್ಷದಿಂದ ಅದೇ ಬೀದಿಯವಳು. ಪಾಲಿನ ಕಥೆ ಕೇಳಿಯೇ ಇದ್ದಳು. “ನಿಮ್ಮನೆ ಜಗಳಕ್ಕೆ ನನ್ನನ್ನ ಎಳೀಬೇಡಿ,” ಎಂದು ಮೆತ್ತಗೆ ಹೇಳಿ, ಅಣ್ಣನ ಕೈಗೆ ಹಣ ಕೊಟ್ಟಳು.

ಇಪ್ಪತ್ತಾರು ವರ್ಷದ ಮಾತು ಬೇಕಾದ ಒಂದೇ ಗಳಿಗೆಯಲ್ಲಿ ಆಕೆಯ ಕಿವಿಗೆ ಹೊಟ್ಟೆಕಿಚ್ಚಾಗಿ ಹೋಯಿತು. ತಮ್ಮ ಸುಮ್ಮನೆ ಒಳಗೆ ಹೋಗಬಹುದಿತ್ತು. ಇಳಿಜಾರು ಕಣ್ಣ ಮುಂದೆ ಬಂತು. ಸ್ಪ್ಯಾನರ್ ತಂದು, ಅಚ್ಚಿನ ಎರಡೂ ನಟ್ಟುಗಳನ್ನು ಇನ್ನು ತಿರುಗದಷ್ಟು ಬಿಗಿದ.

“ಇದು ರಿಪೇರಿ ಅಲ್ಲ. ಹಿಂದಿನ ಬ್ರೇಕ್ ಮಾತ್ರ ಹಿಡೀರಿ. ಶನಿವಾರ ಬನ್ನಿ, ಬೇರೆ ಫೋರ್ಕ್ ಹಾಕ್ಕೊಡ್ತೀನಿ. ದುಡ್ಡು ಬೇಡ.”

ಆಕೆಯ ಮುಖ ಅರಳಿತು. “ನೀವೇ ಬಿಗಿ ಮಾಡಿಕೊಟ್ರಲ್ಲ. ಇನ್ನೇನು ಭಯ ನನಗೆ.”

ಸೈಕಲ್ಲು ಹೊರಟಿತು. ಅಣ್ಣ ನೋಟುಗಳನ್ನು ಜೇಬಿಗಿಳಿಸುತ್ತ, “ನಾನಾಗಿದ್ರೆ ಅವಳ ಅನುಮಾನ ಕಳೆಯೋಕೆ ಇನ್ನೂ ಅರ್ಧ ಗಂಟೆ ಬಾಯಿ ನೋಯಿಸಿಕೊಳ್ಬೇಕಿತ್ತು. ನೀನು ಒಂದು ಸ್ಪ್ಯಾನರಲ್ಲಿ ಮುಗಿಸಿಬಿಟ್ಟೆ,” ಎಂದ.

ತಮ್ಮ ರಸ್ತೆಯನ್ನೇ ನೋಡುತ್ತಿದ್ದ. ತಿರುವಿನಲ್ಲಿ ಆಕೆ ಹಿಡಿದದ್ದು ಮುಂದಿನ ಬ್ರೇಕನ್ನೇ ಎಂಬುದು ಅವನು ನಿಂತಲ್ಲಿಗೇ ಕಾಣುತ್ತಿತ್ತು. ಬ್ರೇಕು ಚೆನ್ನಾಗಿಯೇ ಹಿಡಿಯಿತು.