ಮೆಣಸಿನಕಾಯಿ ಕೈ

ನಿಜಾಮನ ಆಳ್ವಿಕೆಯಲ್ಲಿ, ಮಸ್ಕಿಯಲ್ಲಿ ಒಣಮೆಣಸಿನಕಾಯಿ ಕೊಂಡು ಮಾರಿ ಬದುಕು ಕಟ್ಟಿಕೊಂಡವನು ನಾನು. ಅಪ್ಪ ಬಿಟ್ಟುಹೋದದ್ದು ಏನೂ ಇರಲಿಲ್ಲ. ಸರಕಿನ ಗುಟ್ಟು ಎದುರಿನವನಿಗಿಂತ ಮೊದಲು ನಮಗೆ ತಿಳಿದಿರಬೇಕು. ವ್ಯಾಪಾರಕ್ಕೆ ಇಳಿಯುವವರಿಗೆ ಇಂದಿಗೂ ಇದನ್ನೇ ಹೇಳುತ್ತೇನೆ.

ಅಂಗಡಿ ಕಾಯುತ್ತಿದ್ದ ನಮ್ಮ ಹೆಣ್ಣು ನಾಯಿ ಹಿತ್ತಲಿನಲ್ಲಿ ನಾಲ್ಕು ಮರಿ ಹಾಕಿತು. ನಮಗೆ ಮಕ್ಕಳಿರಲಿಲ್ಲ. ಹೆಂಡತಿ ನಾಯಿಯ ಬಾಣಂತನಕ್ಕೆ ನಿಂತಳು: ಒಣಹುಲ್ಲಿನ ಹಾಸಿಗೆ, ಎರಡು ಹೊತ್ತು ಜೋಳದ ನುಚ್ಚು, ಹಾಲು.

“ಬಾಣಂತಿಗೆ ತುಪ್ಪಾನೂ ಹಾಕ್ತಿ ಏನು?” ಎಂದು ಕೆಣಕಿದೆ.

“ನಿಮ್ಮ ಪಾಲಿಂದು ಹಾಕ್ತೀನಿ, ಸುಮ್ನ ಹೋಗ್ರಿ.”

ಗುರುಗುಂಟಾದ ಕುರಿಗಾರನೊಬ್ಬ ಬಂದು, ಒಂದು ಮರಿಗೆ ಕಂಬಳಿ ಕೊಡುತ್ತೇನೆಂದ. ಒಪ್ಪಿದೆ.

“ಕಣ್ಣು ಬಿಡ್ಲಿ ಸಾವ್ಕಾರ್ರ, ಆಮ್ಯಾಲ ಬರ್ತೀನಿ. ಮರಿಗಳ್ನ ಹೊರಗಿಟ್ಟು ನೋಡೂಣು. ತಾಯಿ ಮೊದ್ಲು ಯಾವುದನ್ನ ಕಚ್ಚಿ ಒಳಗ ಒಯ್ತದೋ, ಅದಾ ಗಟ್ಟಿ ಮರಿ,” ಎಂದು ಹೋದ.

ನನ್ನ ತಲೆ ಓಡಿತು. ಗಟ್ಟಿ ಮರಿ ಯಾವುದೆಂದು ಮೊದಲೇ ಗೊತ್ತಾದರೆ, ಅದನ್ನು ಬಚ್ಚಿಟ್ಟು ಉಳಿದವುಗಳಲ್ಲೊಂದನ್ನು ಕೊಟ್ಟು ಕಂಬಳಿ ಇಸಿದುಕೊಳ್ಳಬಹುದು. ಮರಿಗಳಿಗೆ ಆಗ ಮೂರು ದಿನ. ಹೆಂಡತಿ ನೀರಿಗೆ ಹೋದದ್ದೇ ತಡ, ಮೆಣಸಿನಕಾಯಿ ಆರಿಸುತ್ತಿದ್ದವನು ಎದ್ದು, ಅದೇ ಕೈಯಲ್ಲಿ ನಾಲ್ಕನ್ನೂ ಎತ್ತಿ ಅಂಗಳದಲ್ಲಿಟ್ಟೆ. ವರ್ಷಗಟ್ಟಲೆ ಆ ಘಾಟಿನಲ್ಲೇ ಇದ್ದವನಿಗೆ ಕೈಯ ಖಾರ ನೆನಪಾಗಲೇ ಇಲ್ಲ.

ನಾಯಿ ಓಡಿಬಂದು ಕರಿ ಮರಿಯ ಕುತ್ತಿಗೆ ಹಿಡಿಯಿತು. ಕೆಳಗೆ ಹಾಕಿ ಸೀನಿತು. ಮತ್ತೆ ಹಿಡಿಯಿತು, ಮತ್ತೆ ಹಾಕಿ ಮೂತಿಯನ್ನು ಮಣ್ಣಿಗೆ ಉಜ್ಜಿತು. ಮರಿಗಳು ಚೀರತೊಡಗಿದವು. ಹೆದರಿ, ನಾಲ್ಕನ್ನೂ ತಣ್ಣೀರಿನಲ್ಲಿ ಅದ್ದಿ ತೊಳೆದೆ. ಕೊನೆಗೆ ಮರಿಗಳನ್ನು ಕೊಂದದ್ದು ಖಾರವಲ್ಲ, ಆ ನೀರು. ಎಳೆಮರಿ ಸಾಕುವವರು ಕೇಳಿಸಿಕೊಳ್ಳಿ: ಖಾರ ತಗುಲಿದರೆ ಎಣ್ಣೆ ಸವರಿದ ಬಟ್ಟೆಯಿಂದ ಒರೆಸಿ, ಬೆಚ್ಚಗಿಡಿ, ನೀರು ಸೋಕಿಸಬೇಡಿ.

ಹೆಂಡತಿ ಕೊಡ ಇಳಿಸಿದವಳೇ ಮರಿಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಒಲೆಯ ಮುಂದೆ ಕುಳಿತಳು. ಮರಿ ಬಚ್ಚಿಡುವ ಯೋಚನೆಯೊಂದನ್ನು ಬಿಟ್ಟು ಆದದ್ದನ್ನೆಲ್ಲ ಅವಳಿಗೆ ಹೇಳಿದೆ. ಅಂದು ಅಡಿಗೆಯಾಗಲಿಲ್ಲ. ಬೆಳಗಾಗುವಷ್ಟರಲ್ಲಿ ಎರಡು ಹೋದವು, ಮಧ್ಯಾಹ್ನಕ್ಕೆ ಇನ್ನೊಂದು. ಕರಿಯದು ಮಾತ್ರ ಮೊಲೆ ಹಿಡಿಯಿತು. ನಾನು ಹತ್ತಿರ ಹೋದರೆ ನಾಯಿ ಹಲ್ಲು ಕಿರಿಯುತ್ತಿತ್ತು.

ಕುರಿಗಾರ ಕಂಬಳಿ ಹೊತ್ತು ಬಂದಾಗ, ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಆದದ್ದನ್ನೆಲ್ಲ ಹೇಳಿದಳು.

“ನಾ ಬರೋತನಕ ತಡಕೊಳ್ಳಾಕ ಆಗ್ಲಿಲ್ಲೇನ್ರಿ ಸಾವ್ಕಾರ್ರ? ನಾ ಮೋಸ ಮಾಡ್ತೀನಂತ ತಿಳದ್ರೇನು?”

ಮೋಸಕ್ಕೆ ಇಳಿದವನು ನಾನೇ ಎಂದು ಹೇಗೆ ಹೇಳಲಿ?

“ಅಣ್ಣಾ, ಮರೀನೂ ಒಯ್ಯಿ, ತಾಯೀನೂ ಒಯ್ಯಿ,” ಎಂದಳು ಹೆಂಡತಿ. “ನಮಗ ಏನೂ ಕೊಡಬ್ಯಾಡ.”

“ಕಂಬಳಿನಾದ್ರೂ...” ಎಂದೆ.

“ಚಳಿ ಆದ್ರ ಮೆಣಸಿನಕಾಯಿ ಚೀಲ ಹೊಚ್ಕೊಳ್ರಿ!”

ಆತ ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ನಡೆದ. ನಾಯಿ ಅವನ ಹಿಂದೆ ಹೋಯಿತು. ಅಂದಿನಿಂದ ಅಂಗಡಿಯ ಕಟ್ಟೆಯ ಮೇಲೆ ಕಾವಲಿಗೆ ನಾನೇ ಮಲಗಿದೆ. ಒಳಗೆ ಬನ್ನಿ ಎಂದು ಹೆಂಡತಿ ಬಹಳ ದಿನ ಕರೆಯಲಿಲ್ಲ.